ವಾರ್ಡಿನ ಸಭೆಗೆ ಹೋಗಿ, ಕನ್ನಡದಲ್ಲೇ ಬರೆದು ಕೊಡಿ: ಕಾಸರಗೋಡಿನವರಿಗೆ ಒಂದು ಮಾರ್ಗದರ್ಶಿ

ನಮ್ಮ ವಾರ್ಡಿನಲ್ಲಿ ಒಂದು ತೋಡು, ಅಂದರೆ ಸಣ್ಣ ಹಳ್ಳ, ಇದೆ. ಅದನ್ನು ದಾಟಲು ಅಡಕೆ ಮರದ ಸಂಕ. ಮಳೆಗಾಲದಲ್ಲಿ ಆಚೆ ಬೈಲಿನ ಮಕ್ಕಳು ಆ ಸಂಕ ದಾಟಿಯೇ ಅಂಗನವಾಡಿಗೆ, ಶಾಲೆಗೆ ಬರಬೇಕು. ಮೂರು ವರ್ಷ ನಾವು ಈ ವಿಷಯವನ್ನು ಬಾಯಲ್ಲೇ ಹೇಳುತ್ತಾ ಬಂದೆವು. ಮೆಂಬರರು ದಾರಿಯಲ್ಲಿ ಸಿಕ್ಕಿದಾಗ ಹೇಳಿದೆವು, ಮದುವೆ ಮನೆಯಲ್ಲಿ ಸಿಕ್ಕಿದಾಗ ಹೇಳಿದೆವು, ಓಟು ಕೇಳಲು ಬಂದ ಎಲ್ಲ ಪಕ್ಷದವರಿಗೂ ಹೇಳಿದೆವು. "ಮಾಡುವ, ಮಾಡುವ" ಅಂದರು. ನಾಲ್ಕನೇ ವರ್ಷ ಆಫೀಸಿಗೆ ಹೋಗಿ ಕೇಳಿದಾಗ ಗೊತ್ತಾಯಿತು: ನಮ್ಮ ಸಂಕದ ವಿಷಯ ಅಲ್ಲಿನ ಯಾವ ಪುಸ್ತಕದಲ್ಲೂ ಇಲ್ಲ. ಯಾರೂ ಬರೆದು ಕೊಟ್ಟಿರಲಿಲ್ಲ. ನಾನೂ ಕೊಟ್ಟಿರಲಿಲ್ಲ.

ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾಸರಗೋಡಿನ ಕನ್ನಡಿಗರಿಗೆ ರಾಜಕೀಯದಲ್ಲಿ ಆಸಕ್ತಿ ಕಡಿಮೆಯೇನೂ ಅಲ್ಲ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದ ಕಥೆ, 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂದದ್ದು, ಇವೆಲ್ಲ ಮನೆಯ ಹಿರಿಯರ ಬಾಯಲ್ಲಿ ಇವತ್ತಿಗೂ ಇದೆ. ಅದು ಇರಲೇಬೇಕು. ಬೆಂಗಳೂರಿನ ಸುದ್ದಿಯೂ ನಮಗೆ ಗೊತ್ತು. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದದ್ದು, 2025ರಲ್ಲಿ ಐದು ಪಾಲಿಕೆಗಳಾದದ್ದು, ಎಲ್ಲ ಓದಿದ್ದೇವೆ. ಮಂಗಳೂರಿನ ರಸ್ತೆ ಗುಂಡಿಗಳ ಲೆಕ್ಕವೂ ಪೇಪರಿನಲ್ಲಿ ಸಿಗುತ್ತದೆ. ಆದರೆ ನಮ್ಮ ಪಂಚಾಯತಿನಲ್ಲಿ ಈ ವರ್ಷ ನಮ್ಮ ವಾರ್ಡಿಗೆ ಎಷ್ಟು ದುಡ್ಡು ಇಟ್ಟಿದ್ದಾರೆ ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಸುಮ್ಮನಾಗುತ್ತಾರೆ.

ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಯಾಕೆಂದರೆ ಅಷ್ಟು ದೊಡ್ಡ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾಯಿತ ಕಾರ್ಪೊರೇಟರ್‌ಗಳೇ ಇರಲಿಲ್ಲ. ನಮ್ಮಲ್ಲಿ 2020ರ ಡಿಸೆಂಬರಿನಲ್ಲೂ ಚುನಾವಣೆ ಆಯಿತು, 2025ರ ಡಿಸೆಂಬರ್ 11ಕ್ಕೂ ಆಯಿತು. ಮೂರು ತಿಂಗಳಿಗೊಮ್ಮೆ ನಾವೇ ಎದ್ದು ನಿಂತು ಪ್ರಶ್ನೆ ಕೇಳಬಹುದಾದ ಸಭೆಯನ್ನು ಕಾನೂನೇ ಕೊಟ್ಟಿದೆ. ಆ ಸಭೆಯಲ್ಲಿ ನಾವು ಇಲ್ಲ.

ಮೊದಲು ವಾರ್ಡು ಮತ್ತು ಓಟರ್ ಪಟ್ಟಿ ನೋಡಿ

2025ರ ಚುನಾವಣೆಗೆ ಮುಂಚೆ ಕೇರಳದಲ್ಲಿ ವಾರ್ಡುಗಳನ್ನು ಹೊಸದಾಗಿ ವಿಂಗಡಿಸಿದರು. ಹಾಗಾಗಿ ಹಳೆಯ ಮನೆ ನಂಬರಿನಲ್ಲಿರುವ ವಾರ್ಡನ್ನು ನಂಬಿ ಕೂತರೆ ಆಗುವುದಿಲ್ಲ. ನಿಮ್ಮ ಮನೆ ಈಗ ಯಾವ ವಾರ್ಡಿನಲ್ಲಿದೆ, ಮೆಂಬರ್ ಯಾರು, ಇಷ್ಟನ್ನು ಮೊದಲು ಖಚಿತ ಮಾಡಿಕೊಳ್ಳಿ. ಪಂಚಾಯತ್ ಆಫೀಸಿನಲ್ಲಿ ಕೇಳಿದರೆ ಐದು ನಿಮಿಷದ ಕೆಲಸ.

ಆಮೇಲೆ ಓಟರ್ ಪಟ್ಟಿ. ಇಲ್ಲಿ ತುಂಬಾ ಮಂದಿ ಎಡವುತ್ತಾರೆ, ಸ್ವಲ್ಪ ಗಮನ ಕೊಡಿ. ಪಟ್ಟಿ ಒಂದಲ್ಲ, ಎರಡು. ವಿಧಾನಸಭೆ, ಲೋಕಸಭೆಗೆ ಇರುವ ಪಟ್ಟಿ ಭಾರತದ ಚುನಾವಣಾ ಆಯೋಗದ್ದು. ಪಂಚಾಯತ್, ನಗರಸಭೆಗೆ ಇರುವ ಪಟ್ಟಿ ಕೇರಳದ ರಾಜ್ಯ ಚುನಾವಣಾ ಆಯೋಗದ್ದು. ಒಂದರಲ್ಲಿ ಹೆಸರು ಇದ್ದರೆ ಇನ್ನೊಂದರಲ್ಲಿ ಇದ್ದೇ ಇರುತ್ತದೆ ಅಂತ ಅಲ್ಲ. ಕೈಯಲ್ಲಿ ಗುರುತಿನ ಚೀಟಿ ಹಿಡಿದುಕೊಂಡು ಬಂದು "ಲೋಕಸಭೆಗೆ ಓಟು ಹಾಕಿದ್ದೇನೆ, ಪಂಚಾಯತಿಗೆ ಹೆಸರಿಲ್ಲ ಅಂದರೆ ಹೇಗೆ" ಅಂತ ಬೂತಿನಲ್ಲಿ ಕಣ್ಣೀರು ಹಾಕಿದ ಅಜ್ಜಿಯೊಬ್ಬರನ್ನು ನಾನೇ ನೋಡಿದ್ದೇನೆ.

ಹೆಸರು ಸೇರಿಸುವ ಫಾರ್ಮಿನ ನಂಬರೂ ಬೇರೆ ಬೇರೆ. ವಿಧಾನಸಭೆ ಪಟ್ಟಿಗೆ ಸೇರಲು ಫಾರ್ಮ್ 6, ತಿದ್ದುಪಡಿಗೆ ಮತ್ತು ಮನೆ ಬದಲಾದರೆ ಫಾರ್ಮ್ 8. ಸಹಾಯಕ್ಕೆ 1950ಕ್ಕೆ ಫೋನ್ ಮಾಡಬಹುದು. ಪಂಚಾಯತ್ ಪಟ್ಟಿಗೆ ಸೇರಲು ಫಾರ್ಮ್ 4. ಅದು ಪಟ್ಟಿ ಪರಿಷ್ಕರಣೆಯ ಹೊತ್ತಿನಲ್ಲಿ ತೆಗೆದುಕೊಳ್ಳುತ್ತಾರೆ, ಆನ್‌ಲೈನಿನಲ್ಲೂ ಮಾಡಬಹುದು, ಬರುವುದಿಲ್ಲವಾದರೆ ಅಕ್ಷಯ ಕೇಂದ್ರಕ್ಕೆ ಹೋಗಿ.

ಮಂಗಳೂರಿನಲ್ಲಿ ಓದುವ, ಕೆಲಸ ಮಾಡುವ ಮಕ್ಕಳಿರುವ ಮನೆಯವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಎಷ್ಟೋ ಮಕ್ಕಳ ಹೆಸರು ಅಲ್ಲೂ ಇರುವುದಿಲ್ಲ, ಇಲ್ಲೂ ಇರುವುದಿಲ್ಲ. "ಒಂದು ಓಟಿನಿಂದ ಎಂತ ಆಗುತ್ತದೆ" ಅನ್ನುವವರಿಗೆ ಮಂಜೇಶ್ವರದ ಲೆಕ್ಕ ಹೇಳುತ್ತೇನೆ. 2016ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಪಿ.ಬಿ. ಅಬ್ದುಲ್ ರಜಾಕ್ ಅವರು ಕೆ. ಸುರೇಂದ್ರನ್ ಅವರ ವಿರುದ್ಧ ಗೆದ್ದದ್ದು 89 ಓಟಿನಲ್ಲಿ. 2021ರಲ್ಲಿ ಎ.ಕೆ.ಎಂ. ಅಶ್ರಫ್ ಅವರು ಗೆದ್ದದ್ದು 745 ಓಟಿನಲ್ಲಿ. ಒಂದು ಇಡೀ ವಿಧಾನಸಭಾ ಕ್ಷೇತ್ರದ ಕಥೆ ಇದು. ವಾರ್ಡಿನಲ್ಲಿ ಎರಡು ಮನೆಯವರು ಬಸ್ಸು ತಪ್ಪಿಸಿಕೊಂಡರೆ ಫಲಿತಾಂಶ ಬದಲಾಗಬಹುದು.

ಪಂಚಾಯತ್ ಪಟ್ಟಿಯಲ್ಲಿ ಹೆಸರು ಇರುವುದಕ್ಕೆ ಇನ್ನೊಂದು ಕಾರಣವೂ ಇದೆ. ಆ ವಾರ್ಡಿನ ಓಟರ್ ಪಟ್ಟಿಯಲ್ಲಿ ಇರುವವರೇ ಗ್ರಾಮಸಭೆಯ ಸದಸ್ಯರು. ಹೆಸರು ಇದ್ದರೆ ನೀವು ಸದಸ್ಯರು, ಯಾರೂ ಕರೆಯಬೇಕಾಗಿಲ್ಲ, ಯಾರ ಪರ್ಮಿಶನ್ನೂ ಬೇಡ.

ಕೆಲಸ ಯಾರದ್ದು ಅಂತ ತಿಳಿದು ಹೊರಡಿ

ತಪ್ಪು ಆಫೀಸಿನಲ್ಲಿ ಎಷ್ಟು ಗಲಾಟೆ ಮಾಡಿದರೂ ಕೆಲಸ ಆಗುವುದಿಲ್ಲ. ರಸ್ತೆ ಅಂದರೆ ಎಲ್ಲ ರಸ್ತೆಯೂ ಪಂಚಾಯತಿನದ್ದಲ್ಲ. ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ನಮ್ಮ ಜಿಲ್ಲೆಯ ಉದ್ದಕ್ಕೂ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಹೆದ್ದಾರಿ ಪ್ರಾಧಿಕಾರದ್ದು. ಅಲ್ಲಿ ಸರ್ವಿಸ್ ರಸ್ತೆಯ ಚರಂಡಿ ತುಂಬಿ ನೀರು ಮನೆಗೆ ಬಂದರೆ ಮೆಂಬರನ್ನು ಬೈದು ಪ್ರಯೋಜನ ಇಲ್ಲ, ಹೆದ್ದಾರಿ ಪ್ರಾಧಿಕಾರಕ್ಕೂ ಜಿಲ್ಲಾಧಿಕಾರಿಗೂ ಬರೆಯಬೇಕು. ಬಸ್ಸು ಓಡಾಡುವ ಹೆಚ್ಚಿನ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಕೆಲವು ಜಿಲ್ಲಾ ಪಂಚಾಯತಿನವು. ನಿಮ್ಮ ಮನೆಗೆ ಹೋಗುವ ಕಾಂಕ್ರೀಟ್ ದಾರಿ, ಬೈಲಿನ ಸಂಕ, ಇವು ಗ್ರಾಮ ಪಂಚಾಯತಿನ ಆಸ್ತಿ ರಿಜಿಸ್ಟರಿನಲ್ಲಿ ಇದ್ದರೆ ಅವರ ಕೆಲಸ. ರಿಜಿಸ್ಟರಿನಲ್ಲಿ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ದುಡ್ಡು ಇಡಲು ತೊಂದರೆ ಆಗುತ್ತದೆ, ಮೊದಲು ಸೇರಿಸಲು ಅರ್ಜಿ ಕೊಡಬೇಕು.

ಬೀದಿದೀಪದ ಕಂಬ ವಿದ್ಯುತ್ ಮಂಡಳಿಯದ್ದು, ಬಲ್ಬಿನ ಜವಾಬ್ದಾರಿ ಪಂಚಾಯತಿನದ್ದು. ಕರೆಂಟ್ ಹೋದರೆ 1912. ನಲ್ಲಿ ನೀರು ಜಲ ಪ್ರಾಧಿಕಾರದ್ದಾದರೆ 1916. ಭೂಮಿಯ ತೆರಿಗೆ ವಿಲೇಜ್ ಆಫೀಸಿಗೆ, ಕಟ್ಟಡ ತೆರಿಗೆ ಪಂಚಾಯತಿಗೆ.

ಶಾಲೆಯ ವಿಷಯ ಕನ್ನಡದವರಿಗೆ ಮುಖ್ಯ. ಹಳ್ಳಿಯ ಸರಕಾರಿ ಎಲ್.ಪಿ., ಯು.ಪಿ. ಶಾಲೆಗಳ ಕಟ್ಟಡ, ದುರಸ್ತಿ ಗ್ರಾಮ ಪಂಚಾಯತಿನ ಕೈಯಲ್ಲಿದೆ. ಹೈಸ್ಕೂಲು ಜಿಲ್ಲಾ ಪಂಚಾಯತಿನದ್ದು. ಅಂಗನವಾಡಿ, ಕೃಷಿ ಭವನ, ಪ್ರಾಥಮಿಕ ಆರೋಗ್ಯ ಕೇಂದ್ರ ಕೂಡ ಗ್ರಾಮ ಪಂಚಾಯತಿಗೆ ಬರುತ್ತದೆ. ಕನ್ನಡ ಶಾಲೆಯ ಮಾಡು ಸೋರುತ್ತಿದೆ ಅಂತ ತಿರುವನಂತಪುರಕ್ಕೆ ಮನವಿ ಕಳಿಸುವ ಮೊದಲು ನಿಮ್ಮ ಗ್ರಾಮಸಭೆಯಲ್ಲಿ ಆ ಮಾಡಿನ ವಿಷಯ ಎತ್ತಿದ್ದೀರಾ? ಹೆಚ್ಚಿನ ಕಡೆ ಎತ್ತಿರುವುದಿಲ್ಲ. ಶಿಕ್ಷಕರ ನೇಮಕಾತಿ ಮಾತ್ರ ಪಂಚಾಯತಿನ ಕೈಯಲ್ಲಿಲ್ಲ, ಅದು ಸರಕಾರದ ಮಟ್ಟದ್ದು. ಅದಕ್ಕೆ ಬೇರೆ ದಾರಿ ಹಿಡಿಯಬೇಕು.

ಗ್ರಾಮಸಭೆ: ಇದೇ ಮುಖ್ಯ

1994ರ ಕೇರಳ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಪ್ರತಿ ವಾರ್ಡಿಗೂ ಒಂದು ಗ್ರಾಮಸಭೆ. ಮೂರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಕರೆಯಬೇಕಾದವರು ವಾರ್ಡಿನ ಮೆಂಬರ್, ಅಧ್ಯಕ್ಷತೆ ಪಂಚಾಯತ್ ಅಧ್ಯಕ್ಷರದ್ದು. ಓಟರುಗಳಲ್ಲಿ ನೂರಕ್ಕೆ ಹತ್ತರಷ್ಟು ಮಂದಿ ಬಂದಿರಬೇಕು. ವಾರ್ಡಿನಲ್ಲಿ 1,200 ಓಟರಿದ್ದರೆ 120 ಮಂದಿ. ಕಾಸರಗೋಡು, ಕಾಞಂಗಾಡ್, ನೀಲೇಶ್ವರ ನಗರಸಭೆಗಳಲ್ಲಿ ಇದಕ್ಕೆ ವಾರ್ಡ್ ಸಭೆ ಅನ್ನುತ್ತಾರೆ, ಕೌನ್ಸಿಲರ್ ಕರೆಯುತ್ತಾರೆ. ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಅದೇ.

ನಮ್ಮಲ್ಲಿ ಯಾರು ಬರುತ್ತಾರೆ? ಕುಟುಂಬಶ್ರೀ ಮಹಿಳಾ ಗುಂಪುಗಳ ಅಕ್ಕಂದಿರು ಬರುತ್ತಾರೆ, ಅವರು ಇಲ್ಲದಿದ್ದರೆ ಎಷ್ಟೋ ಕಡೆ ಸಭೆಯೇ ನಡೆಯುತ್ತಿರಲಿಲ್ಲ. ಮನೆ ಕಟ್ಟಲು ಸಹಾಯ, ಕೋಳಿ, ಗೊಬ್ಬರ ಸಿಗುವ ಪಟ್ಟಿಗಾಗಿ ಇನ್ನು ಕೆಲವರು ಬರುತ್ತಾರೆ. ಉಳಿದ ಗಂಡಸರು ಜಂಕ್ಷನ್ನಿನಲ್ಲಿ ಇರುತ್ತಾರೆ. "ಅಲ್ಲಿ ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ನಾವು ಹೋಗದಿದ್ದರೆ ಮೊದಲೇ ತೀರ್ಮಾನ ಆಗದೆ ಇನ್ನೇನಾಗುತ್ತದೆ, ಅಲ್ವಾ?

ಹೋಗುವ ಮೊದಲು ಕೆಲವು ವಿಷಯ ತಿಳಿದಿರಲಿ. ವರ್ಷದ ಮೊದಲ ಸಭೆಯಲ್ಲಿ ಹಿಂದಿನ ವರ್ಷ ವಾರ್ಡಿನಲ್ಲಿ ಏನು ಕೆಲಸ ಆಯಿತು, ಎಷ್ಟು ಖರ್ಚಾಯಿತು, ಈ ವರ್ಷ ಏನು ಮಾಡುತ್ತಾರೆ ಅನ್ನುವ ವರದಿ ಇಡಲೇಬೇಕು. ಸಭೆ ತೆಗೆದುಕೊಂಡ ತೀರ್ಮಾನವನ್ನು ಜಾರಿ ಮಾಡಲು ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ಅಧ್ಯಕ್ಷರು ಸಭೆಗೆ ಹೇಳಬೇಕು. ಇದು ಔದಾರ್ಯ ಅಲ್ಲ, ಕಾಯ್ದೆ. ಎರಡನೇ ವಿಷಯ, ವಾರ್ಡಿನ ನೂರಕ್ಕೆ ಹತ್ತು ಓಟರು ವಿಷಯ ಬರೆದು ಸಹಿ ಮಾಡಿ ಕೊಟ್ಟರೆ ಮೆಂಬರ್ 15 ದಿನದೊಳಗೆ ವಿಶೇಷ ಗ್ರಾಮಸಭೆ ಕರೆಯಬೇಕು. ಎರಡು ಸಾಮಾನ್ಯ ಸಭೆಗಳ ನಡುವೆ ಒಮ್ಮೆ ಮಾತ್ರ ಹೀಗೆ ಕೇಳಬಹುದು. ನಮ್ಮ ಸಂಕದ ವಿಷಯಕ್ಕೆ ನಾವು ಸಹಿ ಸಂಗ್ರಹಿಸಲು ಹೊರಟೆವು. ಎರಡು ಭಾನುವಾರ ಸಾಕಾಯಿತು. ಕೊನೆಗೆ ವಿಶೇಷ ಸಭೆ ಬೇಕಾಗಲಿಲ್ಲ, ಸಹಿಯ ಕಾಗದ ನೋಡಿದ ಮೇಲೆ ಸಾಮಾನ್ಯ ಸಭೆಯ ವಿಷಯಪಟ್ಟಿಗೇ ಸೇರಿಸಿದರು.

ಎಲ್ಲಕ್ಕಿಂತ ಮುಖ್ಯವಾದ ಸಭೆ ಮುಂದಿನ ವರ್ಷದ ಯೋಜನೆ ಮಾಡುವ ಗ್ರಾಮಸಭೆ. ನಾಲ್ಕರಲ್ಲಿ ಮೂರು ತಪ್ಪಿದರೂ ಪರವಾಗಿಲ್ಲ, ಇದನ್ನು ಬಿಡಬೇಡಿ. 1996ರಲ್ಲಿ ಕೇರಳದಲ್ಲಿ ಜನಕೀಯ ಯೋಜನೆ ಶುರುವಾದ ಮೇಲೆ ರಾಜ್ಯದ ಯೋಜನಾ ಹಣದ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೆ ಬರುತ್ತಿದೆ. ಅದನ್ನು ಎಲ್ಲಿಗೆ ಹಾಕಬೇಕು ಅನ್ನುವ ಮಾತು ಈ ಸಭೆಯಿಂದ ಶುರುವಾಗುತ್ತದೆ. ಇಲ್ಲಿ ಬರೆಸಿದ ಬೇಡಿಕೆ ಆಯಾ ವಿಷಯಕ್ಕೆ ಇರುವ ಕಾರ್ಯಕಾರಿ ಗುಂಪಿಗೆ ಹೋಗುತ್ತದೆ, ಅಲ್ಲಿಂದ ಅಭಿವೃದ್ಧಿ ಸೆಮಿನಾರಿಗೆ, ಅಲ್ಲಿಂದ ಪಂಚಾಯತ್ ಸಮಿತಿಗೆ, ಕೊನೆಗೆ ಜಿಲ್ಲಾ ಯೋಜನಾ ಸಮಿತಿಗೆ. ಕಾರ್ಯಕಾರಿ ಗುಂಪಿಗೆ ಊರಿನ ತಿಳಿದವರನ್ನೂ ಸೇರಿಸುತ್ತಾರೆ. ನಿವೃತ್ತ ಮಾಸ್ಟ್ರು, ಕೃಷಿಕರು, ಬ್ಯಾಂಕಿನಲ್ಲಿ ಇದ್ದವರು, ದಯವಿಟ್ಟು ಹೆಸರು ಕೊಡಿ. ಕನ್ನಡ ಓದುವ, ಬರೆಯುವ ಒಬ್ಬರಾದರೂ ಶಿಕ್ಷಣದ ಗುಂಪಿನಲ್ಲಿ ಕೂತಿದ್ದರೆ ಕನ್ನಡ ಶಾಲೆಯ ವಿಷಯ ಪಟ್ಟಿಯಿಂದ ಜಾರಿ ಹೋಗುವುದಿಲ್ಲ.

ಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ. ತುಳು ಬರುವವರು ತುಳುವಿನಲ್ಲಿ ಮಾತಾಡಿದರೂ ಮೆಂಬರಿಗೆ ಅರ್ಥ ಆಗುತ್ತದೆ, ನಮ್ಮ ಊರು ಅಂಥದ್ದು. ಮಾತಾಡಿ ಕೂತರೆ ಸಾಲದು. ಮಿನಿಟ್ಸ್ ಬರೆಯುವವರ ಹತ್ತಿರ ಹೋಗಿ, "ನಾನು ಹೇಳಿದ್ದು ಬರೆದುಕೊಂಡಿರಾ? ಒಮ್ಮೆ ಓದಿ ಹೇಳಿ" ಅಂತ ಕೇಳಿ. ನಗುತ್ತಾ ಕೇಳಿ, ಆದರೆ ಕೇಳದೆ ಮನೆಗೆ ಬರಬೇಡಿ.

ಕನ್ನಡದಲ್ಲಿ ಅರ್ಜಿ ಬರೆಯುವುದು

ಇಲ್ಲಿ ಧೈರ್ಯ ಬೇಕು, ಕಾನೂನೂ ನಮ್ಮ ಜೊತೆ ಇದೆ. ಸಂವಿಧಾನದ 350ನೇ ವಿಧಿ ಏನು ಹೇಳುತ್ತದೆ ಅಂದರೆ, ಕುಂದುಕೊರತೆ ಹೇಳಿಕೊಳ್ಳುವ ಯಾರೇ ಆಗಲಿ ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿ ಬೇಕಾದರೂ ಅಧಿಕಾರಿಗೆ ಮನವಿ ಕೊಡಬಹುದು. ಅದಲ್ಲದೆ ಕೇರಳದ್ದೇ 1969ರ ಅಧಿಕೃತ ಭಾಷೆಗಳ ಕಾಯ್ದೆ ಇದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯಟ್ಟಿಗೆ, ಇಲಾಖೆಗಳ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಅಂತ ಅದರಲ್ಲಿದೆ. ಕೇರಳ ಪಿ.ಎಸ್.ಸಿ. ನಮ್ಮ ಜಿಲ್ಲೆಗೆ ಮಲಯಾಳಂ, ಕನ್ನಡ ಎರಡೂ ಗೊತ್ತಿರುವ ಕ್ಲರ್ಕುಗಳಿಗಾಗಿ ಬೇರೆಯೇ ನೇಮಕಾತಿ ಮಾಡುವುದು ಸುಮ್ನೆ ಅಲ್ಲ. ನಾವು ಕನ್ನಡದಲ್ಲಿ ಬರೆಯುವುದನ್ನು ನಿಲ್ಲಿಸಿದರೆ ಆ ಹುದ್ದೆ ಯಾಕೆ ಅಂತ ಯಾರಾದರೂ ಕೇಳುತ್ತಾರೆ.

ಅರ್ಜಿ ಉದ್ದ ಬೇಡ. ಒಂದು ಪುಟ ಸಾಕು. ನಾವು ಕೊಟ್ಟದ್ದು ಹೀಗಿತ್ತು:

"ಮಾನ್ಯ ಕಾರ್ಯದರ್ಶಿಯವರಿಗೆ. ವಿಷಯ: ನಮ್ಮ ವಾರ್ಡಿನ ತೋಡಿಗೆ ಕಿರುಸೇತುವೆ. ಈ ತೋಡಿಗೆ ಈಗ ಅಡಕೆ ಮರದ ಸಂಕ ಮಾತ್ರ ಇದೆ. ಆಚೆ ಬದಿಯಲ್ಲಿ 14 ಮನೆಗಳಿವೆ. ಒಂಬತ್ತು ಮಕ್ಕಳು ದಿನಾ ದಾಟುತ್ತಾರೆ. ಮಳೆಗಾಲದಲ್ಲಿ ನೀರು ಸಂಕದ ಮೇಲೆ ಹರಿಯುತ್ತದೆ. ಇದನ್ನು ಮುಂದಿನ ವಾರ್ಷಿಕ ಯೋಜನೆಯಲ್ಲಿ ಸೇರಿಸಬೇಕೆಂದೂ, ತೆಗೆದುಕೊಂಡ ಕ್ರಮವನ್ನು ಕನ್ನಡದಲ್ಲಿ ತಿಳಿಸಬೇಕೆಂದೂ ಕೇಳಿಕೊಳ್ಳುತ್ತೇವೆ. ಜೊತೆಗೆ ಎರಡು ಫೋಟೋ ಮತ್ತು ಸಹಿಗಳಿವೆ."

ಇಷ್ಟೇ. ಎಷ್ಟು ಮನೆ, ಎಷ್ಟು ಮಕ್ಕಳು ಅನ್ನುವ ಲೆಕ್ಕ ಹಾಕಿ, ಅದು ಕೆಲಸ ಮಾಡುತ್ತದೆ. "ತೀವ್ರ ಹೋರಾಟ ಮಾಡಬೇಕಾಗುತ್ತದೆ" ಅನ್ನುವಂಥ ಸಾಲು ಮೊದಲ ಅರ್ಜಿಯಲ್ಲಿ ಬೇಡ.

ಕೊಟ್ಟ ಮೇಲೆ ರಶೀದಿ. ಕೌಂಟರಿನಲ್ಲಿ "ಇಟ್ಟು ಹೋಗಿ, ನೋಡುತ್ತೇವೆ" ಅಂದರೆ ಅಲ್ಲೇ ನಿಲ್ಲಿ. ಅರ್ಜಿ ಸ್ವೀಕರಿಸಿದ್ದಕ್ಕೆ ನಂಬರು, ತಾರೀಕು ಇರುವ ರಶೀದಿ ಸಿಗಬೇಕು. ಈಗ ಪಂಚಾಯತ್, ನಗರಸಭೆಗಳ ಕೆಲಸ ಕೆ-ಸ್ಮಾರ್ಟ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತದೆ, ನಗರಸಭೆಗಳಿಗೆ 2024ರ ಜನವರಿಯಲ್ಲಿ, ಗ್ರಾಮ ಪಂಚಾಯತಿಗಳಿಗೆ 2025ರ ಏಪ್ರಿಲಿನಲ್ಲಿ ಬಂತು. ಅರ್ಜಿಯ ನಂಬರು ಕೈಯಲ್ಲಿದ್ದರೆ ಫೈಲು ಎಲ್ಲಿದೆ ಅಂತ ಕೇಳುವುದು ಸುಲಭ. ನಾನು ಒಂದು ಹಳೆಯ ಪ್ಲಾಸ್ಟಿಕ್ ಫೈಲಿನಲ್ಲಿ ಎಲ್ಲ ರಶೀದಿ ಇಟ್ಟುಕೊಂಡಿದ್ದೇನೆ. ನಮ್ಮ ಎರಡನೇ ಅರ್ಜಿಯ ಹೊತ್ತಿಗೆ "ಮೊದಲನೆಯದ್ದು ಕಾಣುವುದಿಲ್ಲ" ಅಂದರು. ರಶೀದಿ ತೋರಿಸಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿತು.

ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಮನೆಗೆ ನೀರು ನುಗ್ಗುತ್ತಿದೆ, ಕರೆಂಟು ತಂತಿ ಬಿದ್ದಿದೆ ಅನ್ನುವಂಥ ತುರ್ತು ವಿಷಯದಲ್ಲಿ ಭಾಷೆ ನೋಡಬೇಡಿ, ಯಾವ ಭಾಷೆಯಲ್ಲಿ ಬೇಗ ಆಗುತ್ತದೋ ಅದರಲ್ಲಿ ಹೇಳಿ. ಬೇರೆ ಜಿಲ್ಲೆಯಿಂದ ಬಂದ, ಕನ್ನಡ ಗೊತ್ತಿಲ್ಲದ ಅಧಿಕಾರಿ ಇದ್ದರೆ ಕನ್ನಡ ಅರ್ಜಿಯ ಜೊತೆಗೆ ಮಲಯಾಳದಲ್ಲಿ ನಾಲ್ಕು ಸಾಲು ಸಾರಾಂಶ ಲಗತ್ತಿಸಿ. ಅವರಿಗೂ ಉಪಕಾರ, ನಮಗೂ ಬೇಗ. ಆದರೆ ಮೂಲ ಅರ್ಜಿ ಕನ್ನಡದಲ್ಲೇ ಇರಲಿ.

ಒಂದೇ ಶಬ್ದ, ಬೇರೆ ಅರ್ಥ

ಆಫೀಸಿನ ನೋಟೀಸು ಮಲಯಾಳದಲ್ಲಿ ಬರುತ್ತದೆ. ಅಕ್ಷರ ಓದಲು ಬಂದರೂ ಅರ್ಥ ತಪ್ಪುವ ಅಪಾಯ ಇದೆ, ಯಾಕೆಂದರೆ ಎಷ್ಟೋ ಶಬ್ದ ನಮ್ಮದೇ ಹಾಗೆ ಕಾಣುತ್ತದೆ. ನನಗೇ ಮೋಸ ಆದ ಕೆಲವನ್ನು ಹೇಳುತ್ತೇನೆ. 'ಪದ್ಧತಿ' ಅಂದರೆ ರೂಢಿ ಅಲ್ಲ, ಯೋಜನೆ. 'ಯೋಗಂ' ಅಂದರೆ ಸಭೆ. 'ಅವಕಾಶಂ' ಅಂದರೆ ಹಕ್ಕು, 'ವಿವರಾವಕಾಶಂ' ಅಂದರೆ ಮಾಹಿತಿ ಹಕ್ಕು. ನಮ್ಮ ಅವಕಾಶಕ್ಕೆ ಅವರು 'ಅವಸರಂ' ಅನ್ನುತ್ತಾರೆ. "ಆಕ್ಷೇಪ ಹೇಳಲು ಅವಸರಂ ಇದೆ" ಅಂದರೆ ಅವಸರ ಮಾಡಿ ಅಂತಲ್ಲ, ಆಕ್ಷೇಪ ಹೇಳಬಹುದು ಅಂತ. 'ತುಕ' ತೂಕ ಅಲ್ಲ, ಮೊತ್ತ. 'ಪ್ರಮೇಯಂ' ಅಂದರೆ ಠರಾವು. 'ಅಪೇಕ್ಷ' ಅರ್ಜಿ, 'ಪರಾದಿ' ದೂರು, 'ಕರಟ್' ಕರಡು, 'ಕುಡಿಶ್ಶಿಗ' ಬಾಕಿ, 'ಗುಣಭೋಕ್ತಾವ್' ಅಂದರೆ ಫಲಾನುಭವಿ. 'ಕರಟ್ ಪಟ್ಟಿಗ' ಅಂತ ನೋಟೀಸು ಬೋರ್ಡಿನಲ್ಲಿ ಹಾಕಿದ್ದರೆ ಅದು ಕೊನೆಯ ಪಟ್ಟಿ ಅಲ್ಲ, ನಿಮ್ಮ ಹೆಸರು ಬಿಟ್ಟುಹೋಗಿದ್ದರೆ ಹೇಳಲು ಇನ್ನೂ ಸಮಯ ಇದೆ.

ತುಂಬಾ ಗೊಂದಲ ಮಾಡುವ ಶಬ್ದ 'ಸಾಂಕೇತಿಕಾನುಮತಿ'. ನಾವು ಸುಮ್ನೆ ಹೆಸರಿಗೆ ಕೊಟ್ಟ ಅನುಮತಿ ಅಂದುಕೊಳ್ಳುತ್ತೇವೆ. ಮಲಯಾಳದಲ್ಲಿ ಅದು ತಾಂತ್ರಿಕ ಅನುಮತಿ, ಅಂದರೆ ಇಂಜಿನಿಯರು ಎಸ್ಟಿಮೇಟು ನೋಡಿ ಸರಿ ಅಂದದ್ದು. ಅದು ದೊಡ್ಡ ಹೆಜ್ಜೆ. ಅದಕ್ಕೆ ಮೊದಲು ಬರುವುದು 'ಭರಣಾನುಮತಿ', ಆಡಳಿತದ ಅನುಮತಿ.

ಸುದ್ದಿ ಓದುವಾಗ

ಈ ಎರಡು ಶಬ್ದ ಗೊತ್ತಿದ್ದರೆ ಪೇಪರಿನ ಸುದ್ದಿಯನ್ನೂ ಸರಿಯಾಗಿ ಓದಬಹುದು. "ರಸ್ತೆಗೆ 20 ಲಕ್ಷ ಮಂಜೂರು" ಅಂತ ಫೋಟೋ ಸಮೇತ ಬಂದರೆ ನಾಳೆ ಜಲ್ಲಿ ಬೀಳುತ್ತದೆ ಅಂದುಕೊಳ್ಳಬೇಡಿ. ಆಡಳಿತ ಅನುಮತಿ ಆಯಿತಾ, ತಾಂತ್ರಿಕ ಅನುಮತಿ ಆಯಿತಾ, ಟೆಂಡರ್ ಕರೆದರಾ, ಯಾರಾದರೂ ಹಾಕಿದರಾ, ಎಗ್ರಿಮೆಂಟ್ ಆಯಿತಾ. ಈ ಐದು ಪ್ರಶ್ನೆಗೆ ಉತ್ತರ ಸಿಕ್ಕಿದರೆ ಕೆಲಸ ಎಲ್ಲಿದೆ ಅಂತ ಗೊತ್ತಾಗುತ್ತದೆ. ಟೆಂಡರ್ ಕರೆದೂ ಕಾಂಟ್ರಾಕ್ಟರು ಬಾರದೆ ನಿಂತುಹೋಗುವ ಕೆಲಸ ಎಷ್ಟೋ ಇದೆ. ಮಾರ್ಚ್ 31ಕ್ಕೆ ಆರ್ಥಿಕ ವರ್ಷ ಮುಗಿಯುತ್ತದೆ. ಜನವರಿಯಲ್ಲಿ ಟೆಂಡರ್ ಹಂತಕ್ಕೂ ಬಾರದ ಕೆಲಸ ಮುಂದಿನ ವರ್ಷಕ್ಕೆ ಹೋಗುವ ಸಾಧ್ಯತೆ ಜಾಸ್ತಿ, ಆಗ ಅದು ಹೊಸ ಪಟ್ಟಿಯಲ್ಲಿ ಉಳಿದಿದೆಯಾ ಅಂತ ನೋಡಬೇಕು. ಕಾಗದದಲ್ಲಿ 'ಉಪೇಕ್ಷಿಚ್ಚು' ಅಂತ ಇದ್ದರೆ ಆ ಕೆಲಸವನ್ನು ಕೈಬಿಟ್ಟರು ಅಂತ ಅರ್ಥ.

ಫಾರ್ವರ್ಡ್ ಆಗಿ ಬರುವ ಸುದ್ದಿಗೂ ಇದೇ ರೀತಿ. 2021ರಲ್ಲಿ ಕಾಸರಗೋಡಿನ ಊರುಗಳ ಕನ್ನಡ ಹೆಸರು ಬದಲಿಸುತ್ತಾರೆ ಅನ್ನುವ ವಿಷಯ ಕರ್ನಾಟಕದ ತನಕ ದೊಡ್ಡ ಸುದ್ದಿಯಾಯಿತು. ಅಂಥ ಆದೇಶ ಇಲ್ಲ ಅಂತ ಕೇರಳದ ಕಡೆಯಿಂದ ಹೇಳಿದರು. ಸುದ್ದಿ ಅಲ್ಲಿಗೆ ತಣ್ಣಗಾಯಿತು. ಆದರೆ ಊರಿನ ಹೆಸರು ಉಳಿಯುವುದು ಬೋರ್ಡಿನಲ್ಲಿ, ಬಸ್ಸಿನ ಹಲಗೆಯಲ್ಲಿ, ಆಫೀಸಿನ ಕಾಗದದಲ್ಲಿ. ನಿಮ್ಮ ಊರಿನ ಬಸ್ ಸ್ಟಾಪಿನ ಬೋರ್ಡಿನಲ್ಲಿ ಹೆಸರು ತಪ್ಪಾಗಿದ್ದರೆ ಫೋಟೋ ತೆಗೆದು, ಸರಿಯಾದ ಹೆಸರು ಬರೆದು, ಆ ಬೋರ್ಡು ಹಾಕಿದವರಿಗೇ ಅರ್ಜಿ ಕೊಡಿ. ಹಾಗೆ ಕೊಟ್ಟ ಒಂದು ಕಾಗದಕ್ಕೆ ನೂರು ಫಾರ್ವರ್ಡಿಗಿಂತ ಬೆಲೆ ಇದೆ.

ಉತ್ತರ ಬಾರದಿದ್ದರೆ

ಒಂದು ತಿಂಗಳು ಕಾಯಿರಿ. ಆಮೇಲೆ 2005ರ ಮಾಹಿತಿ ಹಕ್ಕು ಕಾಯ್ದೆ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ, ಆ ಕಚೇರಿಯ ಮಾಹಿತಿ ಅಧಿಕಾರಿಗೆ ಕೊಡಿ. ಬಿ.ಪಿ.ಎಲ್. ಕಾರ್ಡಿನವರಿಗೆ ಶುಲ್ಕ ಇಲ್ಲ. ಈ ಕಾಯ್ದೆಯಲ್ಲಿ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆ ಅಂತ ಇದೆ. ಭಾಷೆಯ ಚರ್ಚೆಯಲ್ಲಿ 30 ದಿನ ಕಳೆದುಹೋಗಬಾರದು ಅಂತ ನಾನು ಕನ್ನಡದ ಪ್ರತಿಯ ಜೊತೆಗೆ ಇಂಗ್ಲಿಷ್ ಪ್ರತಿಯನ್ನೂ ಇಡುತ್ತೇನೆ.

"ಯಾಕೆ ಮಾಡಲಿಲ್ಲ" ಅಂತ ಕೇಳಬೇಡಿ, ಅದಕ್ಕೆ ಏನಾದರೊಂದು ಬರೆದು ಕಳಿಸುತ್ತಾರೆ. ಕಾಗದ ಕೇಳಿ. ಇಂಥ ತಾರೀಕಿನ ನನ್ನ ಅರ್ಜಿಯ ಮೇಲೆ ಬರೆದ ಟಿಪ್ಪಣಿಗಳ ಪ್ರತಿ ಕೊಡಿ. ಇಂಥ ತಾರೀಕಿನ ಗ್ರಾಮಸಭೆಯ ಮಿನಿಟ್ಸಿನ ಪ್ರತಿ, ಬಂದವರ ಸಹಿಯ ಪುಟ ಸಮೇತ ಕೊಡಿ. ಈ ವರ್ಷ ನಮ್ಮ ವಾರ್ಡಿಗೆ ಇಟ್ಟ ಮೊತ್ತ, ಖರ್ಚಾದ ಮೊತ್ತ ಕೊಡಿ. ಹೀಗೆ ಕೇಳಿದರೆ ತಪ್ಪಿಸಿಕೊಳ್ಳಲು ಜಾಗ ಇರುವುದಿಲ್ಲ. ಉತ್ತರ 30 ದಿನದೊಳಗೆ ಬರಬೇಕು. ಬಾರದಿದ್ದರೆ, ಅಥವಾ ಸರಿಯಿಲ್ಲದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ. ಅದೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ.

ಹಣದ ಅವ್ಯವಹಾರದ ವಿಷಯವಾದರೆ ಸ್ಥಳೀಯ ಸಂಸ್ಥೆಗಳಿಗೆಂದೇ ತಿರುವನಂತಪುರದಲ್ಲಿ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಣೆ ಮಾಡುವ ಅಧಿಕಾರಿ, ಇದ್ದಾರೆ, ಅವರಿಗೆ ದೂರು ಕೊಡಬಹುದು. ಕನ್ನಡದಲ್ಲಿ ಕೊಟ್ಟ ಅರ್ಜಿ ತೆಗೆದುಕೊಳ್ಳಲಿಲ್ಲ, ಫಾರ್ಮು ಕನ್ನಡದಲ್ಲಿ ಇಲ್ಲ, ಇಂಥ ವಿಷಯವಾದರೆ ವಿದ್ಯಾನಗರದ ಕಲೆಕ್ಟರೇಟಿಗೆ ಬರೆಯಿರಿ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಭಾಷಾ ಅಲ್ಪಸಂಖ್ಯಾತರ ಸಮಿತಿ ಇದೆ. ಯಾವ ಕಚೇರಿ, ಯಾವ ದಿನ, ಯಾವ ಕೌಂಟರ್ ಅಂತ ಬರೆದು ಕೊಟ್ಟರೆ ಮಾತ್ರ ಅಲ್ಲಿ ಚರ್ಚೆಗೆ ಬರುತ್ತದೆ. "ಕನ್ನಡಿಗರಿಗೆ ಅನ್ಯಾಯ" ಅಂತ ಮಾತ್ರ ಬರೆದರೆ ಕೇಳುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ಶಾಸಕರ ಹತ್ತಿರವೂ ಹೋಗಿ. 2021ರಲ್ಲಿ ಮಂಜೇಶ್ವರದ ಶಾಸಕರು ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡದ್ದನ್ನು ನಾವೆಲ್ಲ ಖುಷಿಯಿಂದ ನೋಡಿದ್ದೇವೆ. ಯಾವ ಪಕ್ಷದವರೇ ಆಗಲಿ, ಕೈಯಲ್ಲಿ ಅರ್ಜಿಯ ಪ್ರತಿ, ರಶೀದಿ, ಗ್ರಾಮಸಭೆಯ ಮಿನಿಟ್ಸು ಹಿಡಿದುಕೊಂಡು ಹೋದವರ ಜೊತೆ ಅವರು ಮಾತಾಡುವ ರೀತಿಯೇ ಬೇರೆ.

ಪಕ್ಷದ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಸಹಿಯ ಕಾಗದದಲ್ಲಿ ಮೂರು ಪಕ್ಷದವರ ಸಹಿ ಇತ್ತು. ಕನ್ನಡದವರು, ತುಳುವರು, ಮಲಯಾಳದವರು, ಬ್ಯಾರಿಗಳು, ಮರಾಠಿ ಮಾತಾಡುವವರು ಎಲ್ಲ ಸಹಿ ಹಾಕಿದರು. ತೋಡಿನ ಆಚೆಯ ಮಕ್ಕಳು ಎಲ್ಲ ಮನೆಯವರು. ಅರ್ಜಿ ಕನ್ನಡದಲ್ಲಿ ಇದ್ದದ್ದಕ್ಕೆ ಮಲಯಾಳದ ಮನೆಯವರು ಒಬ್ಬರೂ ಬೇಡ ಅನ್ನಲಿಲ್ಲ. "ಬರೆಯಿರಿ ಮಾಸ್ಟ್ರೇ, ಎಂತ ಬರೆದಿದ್ದೀರಿ ಅಂತ ಒಮ್ಮೆ ಹೇಳಿ, ಸಹಿ ಹಾಕುತ್ತೇವೆ" ಅಂದರು.

ನಮ್ಮ ಕಿರುಸೇತುವೆ ಈಗ ಎಗ್ರಿಮೆಂಟ್ ಆಗಿ ನಿಂತಿದೆ. ಮಳೆ ಬಿಟ್ಟ ಮೇಲೆ ಕೆಲಸ ಅಂದಿದ್ದಾರೆ. ಕೆಲಸ ಮುಗಿದ ಮೇಲೆ ಹಾಕುವ ಫಲಕದಲ್ಲಿ ಕನ್ನಡವೂ ಇರಬೇಕು ಅಂತ ಹೋದ ತಿಂಗಳೇ ಬರೆದು ಕೊಟ್ಟಿದ್ದೇವೆ. ಅದರ ರಶೀದಿಯೂ ಆ ಹಳೆಯ ಫೈಲಿನಲ್ಲಿದೆ.